ಮೊದಲ ಆರ್‌ಸಿ ಕಾರಿಗೆ ಡ್ರೋನ್ ರಿಮೋಟ್ ಸಾಕಾ? ಸರ್ವೋ, ಇಎಸ್‌ಸಿ ಯಾವುದು ತಗೊಳ್ಳಲಿ?

ನಿಮ್ಮ ಪ್ರಶ್ನೆ ಇಷ್ಟು: ನಾವೇ ಜೋಡಿಸಿಕೊಳ್ಳುವ ಟಾಮಿಯಾ ಟಿಟಿ-02 ಆರ್‌ಸಿ (ರಿಮೋಟಿನ) ಕಾರಿನ ಕಿಟ್ ತಗೊಂಡಿದ್ದೀರಿ. ಡಬ್ಬಿಯಲ್ಲಿ 540 ಮೋಟಾರ್ (ಬ್ರಷ್ ಇರುವ ಮಾಮೂಲಿ ಮೋಟಾರ್) ಮತ್ತು ಟಿಬಿಎಲ್‌ಇ-02ಎಸ್ ಇಎಸ್‌ಸಿ (ಮೋಟಾರಿನ ವೇಗ ನಿಯಂತ್ರಿಸುವ ಸರ್ಕ್ಯೂಟ್) ಇದೆ. ರಿಮೋಟ್, ರಿಸೀವರ್ (ಕಾರಿನಲ್ಲಿ ಕೂತು ರಿಮೋಟಿನ ಸಿಗ್ನಲ್ ಹಿಡಿಯುವುದು), ಸರ್ವೋ (ಸ್ಟೀರಿಂಗ್ ತಿರುಗಿಸುವ ಪುಟ್ಟ ಮೋಟಾರ್), ಬ್ಯಾಟರಿ ಯಾವುದೂ ಇಲ್ಲ. ಡ್ರೋನ್ ಮಾಡುವ ಗೆಳೆಯ ತನ್ನ ಎರಡು ಸ್ಟಿಕ್ಕಿನ ಫ್ಲೈಸ್ಕೈ ಐ6 ರಿಮೋಟ್ ಕೊಡ್ತೀನಿ ಅಂದಿದ್ದಾನೆ. ಅದು ನಡೆಯುತ್ತಾ, ಮಿಕ್ಕಿದ್ದನ್ನು ಬೆಂಗಳೂರಿನ ಎಸ್.ಪಿ. ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಹೊಂದಿಸಿಕೊಳ್ಳಬಹುದಾ?

ಐ6 ನಡೆಯುತ್ತದೆ, ಆದರೆ ಎಡಗಡೆ ಸ್ಟಿಕ್ಕಿನಿಂದ ಕಾರು ಓಡಿಸಲು ಹೋಗಬೇಡಿ. ನಮ್ಮಲ್ಲಿ ಹೆಚ್ಚಾಗಿ ಸಿಗುವ ಮೋಡ್ 2ರಲ್ಲಿ (ಥ್ರಾಟಲ್ ಎಡಗೈಗೆ ಬರುವ ಜೋಡಣೆ) ಆ ಸ್ಟಿಕ್ ಮೇಲೆ-ಕೆಳಗೆ ಬಿಟ್ಟಲ್ಲೇ ನಿಲ್ಲುತ್ತದೆ. ಡ್ರೋನಿಗೆ ಬೇಕಾದ್ದೂ ಅದೇ. ಕಾರಿನ ಇಎಸ್‌ಸಿಗೆ ಮಾತ್ರ ನಡುಮಧ್ಯೆ ಅಂದರೆ ನಿಲ್ಲು, ಮೇಲೆ ಅಂದರೆ ಮುಂದಕ್ಕೆ, ಕೆಳಗೆ ಅಂದರೆ ಬ್ರೇಕ್, ಆಮೇಲೆ ರಿವರ್ಸ್. ಎಡ ಸ್ಟಿಕ್ ಬಳಸಿದರೆ ಗಾಬರಿಯಲ್ಲಿ ಕೈಬಿಟ್ಟಾಗಲೂ ಕಾರು ಹೋಗುತ್ತಲೇ ಇರುತ್ತದೆ. ಬಲಗಡೆ ಸ್ಟಿಕ್ ಎರಡೂ ಕಡೆಯಿಂದ ಸ್ಪ್ರಿಂಗಿನಲ್ಲಿ ನಡುವಿಗೆ ವಾಪಸ್ ಬರುತ್ತದಲ್ಲ, ಅದನ್ನೇ ಬಳಸಿ: ರಿಸೀವರ್‌ನಲ್ಲಿ ಸರ್ವೋ ಚಾನೆಲ್ 1ಕ್ಕೆ, ಇಎಸ್‌ಸಿ ಚಾನೆಲ್ 2ಕ್ಕೆ. ಎಡ ಸ್ಟಿಕ್ಕನ್ನು ಪೂರ್ತಿ ಕೆಳಗೆ ಇಳಿಸಿಡಿ. ಇಲ್ಲದಿದ್ದರೆ ಐ6 ಆನ್ ಆಗುವಾಗಲೇ ಎಚ್ಚರಿಕೆ ತೋರಿಸಿ ಕೂತುಬಿಡುತ್ತದೆ.

ಒಂದೆರಡು ತಿಂಗಳು ಹೀಗೆ ಓಡಿಸಿ, ಇಷ್ಟವಾದರೆ ಪಿಸ್ತೂಲ್ ಮಾದರಿಯ ರಿಮೋಟಿಗೆ ದುಡ್ಡು ಹಾಕಿ. ಹಾಕುವುದಾದರೆ ಅಲ್ಲೇ ಧಾರಾಳವಾಗಿ ಹಾಕಿ, ಏಕೆಂದರೆ ಸರ್ವೋ ಗಿಯರ್ ಸವೆಯುತ್ತದೆ, ಮೋಟಾರ್ ಬ್ರಷ್ ಸವೆಯುತ್ತದೆ, ಕಾರೇ ಬದಲಾಗುತ್ತದೆ. ಹತ್ತು ವರ್ಷ ಕೈಯಲ್ಲಿ ಉಳಿಯುವುದು ರಿಮೋಟ್ ಒಂದೇ. ಫ್ಲೈಸ್ಕೈ ಜಿಟಿ5 ಅಥವಾ ರೇಡಿಯೋಲಿಂಕ್ ಆರ್‌ಸಿ4ಜಿಎಸ್ ದರ್ಜೆಯದು ಸಾಕು. ಪರದೆ ಇರಲಿ, ಒಂದಕ್ಕಿಂತ ಹೆಚ್ಚು ಕಾರಿನ ಸೆಟ್ಟಿಂಗ್ ನೆನಪಿಡಲಿ, ಎಂಡ್ ಪಾಯಿಂಟ್ (ಸರ್ವೋ ಎಲ್ಲಿಯವರೆಗೆ ತಿರುಗಬೇಕೆಂಬ ಮಿತಿ) ಹೊಂದಿಸಲು ಬರಲಿ. ಎಂಡ್ ಪಾಯಿಂಟ್ ಇಲ್ಲದ ರಿಮೋಟಿನಲ್ಲಿ, ಚಕ್ರ ಪೂರ್ತಿ ತಿರುಗಿ ತಡೆದ ಮೇಲೂ ಸರ್ವೋ ನೂಕುತ್ತಲೇ ಇದ್ದು ಬಿಸಿಯಾಗುತ್ತದೆ. ಜೈರೋ (ಕಾರು ಜಾರಿದಾಗ ಸ್ಟೀರಿಂಗನ್ನು ತಾನೇ ತಿದ್ದುವ ಸೌಲಭ್ಯ) ಇದೆ ಅಂತ ಹಿಗ್ಗಬೇಡಿ, ಕಲಿಯುವಾಗ ಅದನ್ನು ಆಫ್ ಮಾಡಿಡಿ. ಇನ್ನೊಂದು ಮಾತು: ಒಂದೇ ಕಂಪನಿಯದ್ದು ಅಂದ ಮಾತ್ರಕ್ಕೆ ರಿಸೀವರ್ ಹೊಂದುವುದಿಲ್ಲ. ರಿಮೋಟ್ ಮತ್ತು ರಿಸೀವರ್ ಮಾತಾಡುವ ರೇಡಿಯೋ ಭಾಷೆ ಫ್ಲೈಸ್ಕೈನಲ್ಲೇ ಎರಡಿವೆ: ಹಳೆಯ ಎಎಫ್‌ಎಚ್‌ಡಿಎಸ್ ಬೇರೆ, ಎಎಫ್‌ಎಚ್‌ಡಿಎಸ್ 2ಎ ಬೇರೆ. ಐ6 ಎರಡನೆಯದು. ಹೆಚ್ಚುವರಿ ರಿಸೀವರ್ ಕೊಳ್ಳುವಾಗ ಇದನ್ನು ನೋಡಿಕೊಳ್ಳಿ.

ಇನ್ನು ಎಸ್.ಪಿ. ರೋಡ್. ಸರ್ವೋ ಸಿಗುತ್ತದೆ. ಎಸ್‌ಜಿ90 ಅನ್ನುವ ಪುಟ್ಟ ನೀಲಿಯದನ್ನು ಕೊಟ್ಟರೆ ಬೇಡ ಅನ್ನಿ, ಅದು ಈ ಕಾರಿಗೆ ಏನೇನೂ ಸಾಲದು. ಎಂಜಿ996ಆರ್ ಅಳತೆಗೆ ಸರಿಹೋಗುತ್ತದೆ, ಗಿಯರ್ ಲೋಹದ್ದು, ಬೆಲೆ ಕಡಿಮೆ. ನಡುವಿಗೆ ವಾಪಸ್ ಬರುವುದರಲ್ಲಿ ಅಷ್ಟು ನಿಖರವಲ್ಲ, ಆದರೂ ಕಲಿಯಲು ನಡೆಯುತ್ತದೆ. ಅದು ಸಿಕ್ಕಿಹಾಕಿಕೊಂಡಾಗ ಎಳೆಯುವ ಕರೆಂಟು 2 ಆಂಪಿಗೂ ಮೇಲೆ. ಆ ಕರೆಂಟು ಬರುವುದು ಇಎಸ್‌ಸಿಯೊಳಗಿನ ಬಿಇಸಿಯಿಂದ (ಬ್ಯಾಟರಿ ವೋಲ್ಟೇಜನ್ನು ಇಳಿಸಿ ಕೊಡುವ ಭಾಗ). ರಿಸೀವರಿಗೂ ಅದೇ ಗತಿ. ಸರ್ವೋ ತಿಣುಕಿದಾಗ ವೋಲ್ಟೇಜ್ ಕುಸಿದು ರಿಸೀವರ್ ಅರೆಕ್ಷಣ ಸತ್ತು ಎದ್ದರೆ, ನೋಡುವವರು 'ರೇಂಜ್ ಸಾಲದು' ಅಂತ ರಿಮೋಟನ್ನು ಬಯ್ಯುತ್ತಾರೆ! ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗಲೇ ಸಂಪರ್ಕ ಹೋಗುತ್ತಿದ್ದರೆ ಮೊದಲು ಬಿಇಸಿಯನ್ನು ಅನುಮಾನಿಸಿ.

ಇಎಸ್‌ಸಿಯನ್ನು ಮಾತ್ರ ಅಲ್ಲಿ ಹುಡುಕಬೇಡಿ. ಎಲ್ಲ ಕೌಂಟರಿನಲ್ಲೂ ಸಿಗುವ 30 ಆಂಪಿನ ಬಿಎಲ್‌ಡಿಸಿ ಇಎಸ್‌ಸಿ ಡ್ರೋನಿನದು: ಮೂರು ತಂತಿಯ ಬ್ರಷ್‌ಲೆಸ್ ಮೋಟಾರಿಗೆ ಮಾಡಿದ್ದು, ರಿವರ್ಸ್ ಇಲ್ಲ. ಕಾಲೇಜು ಪ್ರಾಜೆಕ್ಟಿನ ಎಲ್298ಎನ್ ಬೋರ್ಡ್ ಒಂದೊಂದು ಮೋಟಾರಿಗೆ ಕೊಡುವುದೇ 2 ಆಂಪ್. 540 ಮೋಟಾರಿಗೆ ಅದು ಯಾವ ಮೂಲೆಗೂ ಸಾಲದು. ಡಬ್ಬಿಯಲ್ಲಿರುವ ಟಿಬಿಎಲ್‌ಇ-02ಎಸ್ ಅನ್ನೇ 7.2 ವೋಲ್ಟಿನ ನಿಕಲ್ (ಎನ್‌ಐಎಂಎಚ್) ಪ್ಯಾಕಿನ ಜೊತೆ ಬಳಸಿ. ಆ ಇಎಸ್‌ಸಿಯಲ್ಲಿ ಲೈಪೋ (ಲಿಥಿಯಂ ಪಾಲಿಮರ್) ಬ್ಯಾಟರಿ ತೀರಾ ಇಳಿಯುವ ಮೊದಲೇ ನಿಲ್ಲಿಸುವ ಕಟಾಫ್ ಇಲ್ಲ, ಸೆಲ್ ಸಾಯುವವರೆಗೂ ಹಿಂಡುತ್ತದೆ. ಲೈಪೋನೇ ಬೇಕೆಂದರೆ ಹಾಬಿವಿಂಗ್ ಕ್ವಿಕ್‌ರನ್ 1060 ಇಎಸ್‌ಸಿ ಹಾಕಿ, ಅದರ ಮೇಲಿನ ಪುಟ್ಟ ಜಂಪರನ್ನು ಲೈಪೋ ಕಡೆಗೆ ಸರಿಸಿ. ಬ್ರಷ್‌ಲೆಸ್ ಆಸೆ ಈಗಲೇ ಬೇಡ.

ಜೋಡಿಸುವಾಗ ಸರ್ವೋಗೆ ಹಾರ್ನ್ (ತುದಿಗೆ ಕೂರುವ ಪುಟ್ಟ ತೋಳು) ಸಿಕ್ಕಿಸುವ ಮೊದಲು ಎಲ್ಲಕ್ಕೂ ಕರೆಂಟು ಕೊಟ್ಟು, ರಿಮೋಟಿನ ಟ್ರಿಮ್ (ನಡುವನ್ನು ತುಸು ಆಚೀಚೆ ಸರಿಸುವ ಗುಂಡಿ) ಸೊನ್ನೆಗಿಟ್ಟು, ಸರ್ವೋ ನಡುವಿಗೆ ಬಂದ ಮೇಲೆ ಸಿಕ್ಕಿಸಿ. ಕಿಟ್ಟಿನ ಸರ್ವೋ ಸೇವರ್‌ಗೆ (ಚಕ್ರಕ್ಕೆ ಬಿದ್ದ ಪೆಟ್ಟು ಸರ್ವೋಗೆ ತಟ್ಟದಂತೆ ತಡೆಯುವ ಹಾರ್ನ್) ಬರುವ ಅಡಾಪ್ಟರುಗಳಲ್ಲಿ ನಿಮ್ಮ ಸರ್ವೋದ ಹಲ್ಲಿಗೆ ಕೂರುವುದನ್ನೇ ಆರಿಸಿ. ಎಂಜಿ996ಆರ್‌ಗೆ 25 ಹಲ್ಲು. ರಿಸೀವರ್ ಆಂಟೆನಾ ತುದಿಯ ಸುಮಾರು 3 ಸೆಂ.ಮೀ. ಭಾಗವೇ ಸಿಗ್ನಲ್ ಹಿಡಿಯುವುದು, ಅದನ್ನು ಕತ್ತರಿಸದೆ ಕೊಳವೆಯಲ್ಲಿ ನೇರ ಮೇಲಕ್ಕೆ ನಿಲ್ಲಿಸಿ.

ರಸ್ತೆಗೆ ಇಳಿಸುವ ಮೊದಲು ಕಾರನ್ನು ಡಬ್ಬಿಯ ಮೇಲಿಟ್ಟು, ಚಕ್ರ ಗಾಳಿಯಲ್ಲಿರುವಾಗ ಸ್ವಲ್ಪ ಥ್ರಾಟಲ್ ಕೊಟ್ಟು, ಹಾಗೇ ಹಿಡಿದುಕೊಂಡೇ ರಿಮೋಟ್ ಆಫ್ ಮಾಡಿ. ಚಕ್ರ ನಿಲ್ಲಬೇಕು. ನಿಲ್ಲದಿದ್ದರೆ ಫೇಲ್‌ಸೇಫ್ (ಸಿಗ್ನಲ್ ಹೋದಾಗ ಕಾರು ತಾನೇ ನಿಲ್ಲುವ ವ್ಯವಸ್ಥೆ) ಹೊಂದಿಸಿಲ್ಲ ಅಂತ ಅರ್ಥ. ಐ6ರಲ್ಲಿ ಅದು ಮೆನುವಿನೊಳಗೇ ಇದೆ, ಚಾನೆಲ್ 2ನ್ನು ನಡುವಿಗೆ ಇಟ್ಟು ಉಳಿಸಿ, ಮತ್ತೆ ಪರೀಕ್ಷಿಸಿ. ದಿನನಿತ್ಯ ಓಡಿಸುವಾಗ ಮೊದಲು ರಿಮೋಟ್ ಆನ್, ಆಮೇಲೆ ಕಾರು. ಮುಗಿಸುವಾಗ ಮೊದಲು ಕಾರು ಆಫ್, ಕೊನೆಗೆ ರಿಮೋಟ್.