ಮೊದಲ ಸಾಲಿನ ಜಾಗ: ಒಂದು ಆಪ್ತಸಲಹೆ ಪ್ರಕರಣ

ಈ ಪ್ರಕರಣದಲ್ಲಿ ಬರುವವರ ಗುರುತು ಸಿಗದಂತೆ ವಯಸ್ಸು, ಉದ್ಯೋಗ ಮತ್ತು ಕೌಟುಂಬಿಕ ವಿವರಗಳನ್ನು ಬದಲಿಸಿದ್ದೇನೆ. ಬಂದವರನ್ನು ‘ಎಂ’ ಎಂದು ಕರೆಯುತ್ತೇನೆ.

ಎಂ ಅವರಿಗೆ 52 ವರ್ಷ. ಆಫ್ರಿಕಾದ ಪೂರ್ವಕ್ಕೆ ಹಿಂದೂ ಮಹಾಸಾಗರದಲ್ಲಿರುವ ಕೊಮೊರೊಸ್ ದೇಶದ ಗ್ರಾಂಡ್ ಕೊಮೋರ್ ದ್ವೀಪದಲ್ಲಿ ಹುಟ್ಟಿದವರು. 24 ವರ್ಷಗಳಿಂದ ಫ್ರಾನ್ಸಿನ ಮಾರ್ಸೇಲ್ಸ್ ನಗರದಲ್ಲಿ ರಾತ್ರಿ ಪಾಳಿಯ ಕಾವಲು ಕೆಲಸದಲ್ಲಿದ್ದಾರೆ. ನಿದ್ದೆ ಬಾರದೆಂಬ ದೂರಿಗಾಗಿ ವೈದ್ಯರು ಅವರನ್ನು ನನ್ನಲ್ಲಿಗೆ ಕಳುಹಿಸಿದ್ದರು. ಮೊದಲ ಎರಡು ಭೇಟಿಗಳು ಪಾಳಿಯ ವಿಚಾರದಲ್ಲೇ ಕಳೆದವು. ಮೂರನೆಯ ಭೇಟಿಯಲ್ಲಿ ತಂದೆಯ ಸಾವಿನ ಮಾತು ಬಂತು. ಸುದ್ದಿ ತಿಳಿದ ಕೂಡಲೇ ವಿಮಾನದ ಟಿಕೆಟಿಗೆ ಸಾಲ ಮಾಡಿ ಊರು ತಲುಪಿದರೂ, ಹಿರಿಯರು ಸೇರಿದ ಸಭೆಯಲ್ಲಿ ತಂದೆಯ ಪರವಾಗಿ ಎದ್ದು ಮಾತಾಡಿದ್ದು ಅವರಿಗಿಂತ 15 ವರ್ಷ ಚಿಕ್ಕವನಾದ ಚಿಕ್ಕಪ್ಪನ ಮಗ. ಎಂ ಅವರು ಹುಡುಗರ ಜೊತೆ ಊಟದ ತಟ್ಟೆಗಳನ್ನು ಹೊರುತ್ತಿದ್ದರು. “ನನ್ನ ಅಪ್ಪನ ಬಗ್ಗೆ ಮಾತಾಡುವುದಕ್ಕೂ ನಾನಿನ್ನೂ ಮಗುವೇ” ಎಂದು ಹೇಳಿ ಅವರು ಬಹಳ ಹೊತ್ತು ಸುಮ್ಮನಾದರು.

ಈ ಮಾತು ಅಕ್ಷರಶಃ ನಿಜ. ಆ ದ್ವೀಪದಲ್ಲಿ ‘ಆಂದಾ’ ಎಂಬ ಮಹಾವಿವಾಹವನ್ನು ಪೂರೈಸಿದವರನ್ನು ‘ಪೂರ್ಣ ಮನುಷ್ಯರು’ ಎಂದೂ, ಪೂರೈಸದವರನ್ನು ಅವರ ತಲೆ ನರೆತಿದ್ದರೂ ‘ಊರಿನ ಮಕ್ಕಳು’ ಎಂದೂ ಕರೆಯುತ್ತಾರೆ. ಎಂ ಅವರು ಧರ್ಮದ ಪ್ರಕಾರ ಮದುವೆಯಾದವರೇ, ನಾಲ್ವರು ಮಕ್ಕಳ ತಂದೆಯೇ. ಆದರೆ ಆದದ್ದು ಚಿಕ್ಕ ಮದುವೆ. ಮಹಾವಿವಾಹಕ್ಕೆ ಊರಿಗೆಲ್ಲ ಹಲವು ದಿನಗಳ ಊಟ, ವಧುವಿಗೆ ಚಿನ್ನ, ಹಾಡು ಕುಣಿತ, ವರನನ್ನು ಹೆಣ್ಣಿನ ಮನೆಗೆ ಕರೆದೊಯ್ಯುವ ಮೆರವಣಿಗೆ ಎಲ್ಲವೂ ಆಗಬೇಕು. ಆಮೇಲೆಯೇ ಮಸೀದಿಯಲ್ಲಿ ಮೊದಲ ಸಾಲಿನ ಜಾಗ, ‘ಬಾಂಗ್ವೆ’ ಎಂಬ ಊರಕಟ್ಟೆಯಲ್ಲಿ ಮಾತಿನ ಹಕ್ಕು, ಹೆಗಲಿಗೆ ‘ಮ್ಹರುಮಾ’ ಎಂಬ ಶಲ್ಯ. ಇದು ಕೇವಲ ಆಡಂಬರವಾಗಿದ್ದರೆ ಎಂದೋ ಅಳಿಯುತ್ತಿತ್ತು. 1976ರಿಂದ 1978ರವರೆಗೆ ದೇಶವನ್ನಾಳಿದ ಅಲಿ ಸ್ವಾಲಿಹ್ ಇದನ್ನು ದುಂದುವೆಚ್ಚವೆಂದು ಹತ್ತಿಕ್ಕಲು ಹೊರಟರು. ಅವರ ಆಳ್ವಿಕೆ ಉರುಳಿದ ಮೇಲೆ ಆಂದಾ ಮತ್ತೆ ತಲೆಯೆತ್ತಿತು.

ನಾನು ಇಲ್ಲಿ ಒಂದು ತಪ್ಪು ಮಾಡಿದೆ. “ಈ ಖರ್ಚು ಬೇಕೇ?” ಎಂದು ಕೇಳಿಬಿಟ್ಟೆ. ಅವರು ಮುಖ ತಿರುಗಿಸಿದರು, ಮುಂದಿನ ಭೇಟಿಗೆ ಬರಲೂ ಇಲ್ಲ. ತಂದೆಯ ಸಾವಿನ ಮನೆಯಲ್ಲಿ ಬಾಯಿ ಕಟ್ಟಿಸಿಕೊಂಡು ನಿಂತವರ ಮುಂದೆ ಲೆಕ್ಕಾಚಾರದ ಪ್ರಶ್ನೆಯನ್ನಿಟ್ಟರೆ, ಅದು ಅದೇ ಅವಮಾನವನ್ನು ಇನ್ನೊಮ್ಮೆ ಮಾಡಿದಂತೆ. ಫೋನು ಮಾಡಿ ಕ್ಷಮೆ ಕೇಳಿದ ಮೇಲೆ ಅವರು ಹೆಂಡತಿಯನ್ನೂ ಕರೆದುಕೊಂಡು ಬಂದರು.

ಆ ದಿನ ವಿಷಯದ ಇನ್ನೊಂದು ಮುಖ ತೆರೆದುಕೊಂಡಿತು. ಮುಂದಿನ ಆಗಸ್ಟಿನಲ್ಲೇ ಆಂದಾ ಮುಗಿಸಬೇಕೆಂದು ಎಂ ಅವರು 25,000 ಯೂರೋ ಸಾಲಕ್ಕೆ ಅರ್ಜಿ ತಂದಿದ್ದರು. ಹೆಂಡತಿಯೂ ಸಹಿ ಹಾಕಬೇಕಿತ್ತು. ಹಿರಿಮಗಳಿಗೆ ಬೇರೆ ಊರಿನಲ್ಲಿ ನರ್ಸಿಂಗ್ ಓದಲು ಸೀಟು ಸಿಕ್ಕಿತ್ತು, ಕೋಣೆಯ ಬಾಡಿಗೆ ಹೊಂದಿಸಬೇಕಿತ್ತು. ಹೆಂಡತಿಗೆ ಆಂದಾ ಬೇಡವೆಂದೇ ನಾನು ಊಹಿಸಿದ್ದೆ. ಹಾಗಿರಲಿಲ್ಲ. ಅವರು ಅದೇ ಊರಿನ, ತವರಿನ ಹಿರಿಯ ಮಗಳು. ಮಹಾವಿವಾಹದ ವಧು ಅವರೇ. ಹಾಗಾಗಿ ಅದು ಅವರದ್ದೂ ಹೌದು, ಅವರ ತಾಯಿಯದ್ದೂ ಹೌದು. ಆ ದ್ವೀಪದಲ್ಲಿ ಮನೆ ಹೆಣ್ಣಿನದು, ಗಂಡ ಅಲ್ಲಿಗೆ ಬರುವವನು. ‘ಮನ್ಯಹುಲಿ’ ಎಂಬ ಜಮೀನು ತಾಯಿಯಿಂದ ಮಗಳಿಗೆ ಇಳಿಯುತ್ತದೆ. ಅಳಿಯಕಟ್ಟಿನ ತುಳುನಾಡಿನಲ್ಲಿ ಬೆಳೆದ ನನಗೆ ಇದನ್ನು ಬಿಡಿಸಿ ಹೇಳಬೇಕಾಗಲಿಲ್ಲ. ಅವರು ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದರು: ತವರಿನವರು ಅವರಿಗಾಗಿ ಕಟ್ಟಿಸುತ್ತಿರುವ ಮನೆ, ಕಂಬಗಳ ತುದಿಯಲ್ಲಿ ತುಕ್ಕು ಹಿಡಿದ ಕಬ್ಬಿಣದ ಸರಳುಗಳು, ಮೇಲೆ ಛಾವಣಿಯಿಲ್ಲ. “ನನಗೂ ಆಸೆ ಇದೆ. ಆದರೆ ಈ ಕಾಗದಕ್ಕೆ ಸಹಿ ಹಾಕೆಂದು ಹೇಳಿದರೇ ಹೊರತು, ನಿನಗೇನು ಬೇಕೆಂದು ಇವರು ಕೇಳಲಿಲ್ಲ” ಎಂದರು.

ನಾನು ಕೊಟ್ಟ ಸಲಹೆಯ ತಿರುಳು ಇಷ್ಟು. ಆಂದಾ ಮಾಡಬೇಕೇ ಬೇಡವೇ ಎಂಬುದನ್ನು ನಾನು ತೀರ್ಮಾನಿಸುವುದಿಲ್ಲ. ಆದರೆ ಸಹಿಯನ್ನು ಬಲವಂತದಿಂದ ಪಡೆದ ಸಾಲದ ಮೇಲೆ ನಿಂತ ಗೌರವವನ್ನು ಈ ಮನೆ ತಾಳಿಕೊಳ್ಳುವುದಿಲ್ಲ. ಆದ್ದರಿಂದ ಮಗಳ ಮೂರು ವರ್ಷದ ಓದಿನ ಹಣವನ್ನು ಮೊದಲು ಬೇರೆ ಖಾತೆಗೆ ಹಾಕಿ, ಅದನ್ನು ಮುಟ್ಟುವುದಿಲ್ಲವೆಂದು ಇಬ್ಬರೂ ಒಪ್ಪಬೇಕು. ಸಾಲದ ಅರ್ಜಿಯನ್ನು ಆರು ತಿಂಗಳು ಮೇಜಿನ ಖಾನೆಯಲ್ಲಿಡಬೇಕು. ಎಂ ಅವರು ಇಷ್ಟು ವರ್ಷ ಬೇರೆಯವರ ಮದುವೆಗಳಿಗೆ ಕೊಟ್ಟದ್ದು ದಾನವಲ್ಲ, ಸರದಿ ಬಂದಾಗ ಹಿಂದಿರುಗಬೇಕಾದ ಮುಯ್ಯಿ. ಅದನ್ನು ಯಾರು ಎಷ್ಟು ಹಿಂದಿರುಗಿಸಬಲ್ಲರೆಂದು ಹೆಸರು ಹೆಸರಾಗಿ ಬರೆಯಬೇಕು, ಏಕೆಂದರೆ ಅವರು ಮನಸ್ಸಿನಲ್ಲೇ ಎಲ್ಲವೂ ಬಂದೇ ಬರುತ್ತದೆಂದು ಎಣಿಸಿಕೊಂಡಿದ್ದರು. ಕೊನೆಯದಾಗಿ, ಖರ್ಚಿನ ಮಿತಿಯನ್ನು ಊರಿನ ಸೋದರಮಾವನ ಬಳಿ ಮುಂಚಿತವಾಗಿ ಗಂಡಹೆಂಡಿರಿಬ್ಬರೂ ಸೇರಿ ಹೇಳಬೇಕು. ತಂದೆಗೆ ಹೇಳಬೇಕಿದ್ದ ಮಾತುಗಳನ್ನು ನನ್ನ ಕೋಣೆಯಲ್ಲೇ ತಮ್ಮ ಭಾಷೆಯಲ್ಲಿ ಹೇಳುವಂತೆಯೂ ಎಂ ಅವರನ್ನು ಕೇಳಿಕೊಂಡೆ. ಅವರು ಎದ್ದು ನಿಂತು, ಅಂಗಿ ಸರಿಪಡಿಸಿಕೊಂಡು, ಸುಮಾರು ಹತ್ತು ನಿಮಿಷ ಮಾತಾಡಿದರು. ನನಗೆ ಒಂದು ಪದವೂ ತಿಳಿಯಲಿಲ್ಲ. ಹೆಂಡತಿ ಅಳುತ್ತಿದ್ದರು.

ಐದು ವಾರಗಳ ನಂತರ ಅವರು ನೀಲಿ ರಟ್ಟಿನ ನೋಟುಪುಸ್ತಕ ತಂದರು. 41 ಹೆಸರುಗಳಿದ್ದವು, ಅವುಗಳಲ್ಲಿ 17ರ ಮುಂದೆ ಮಾತ್ರ ‘ಖಂಡಿತ’ ಎಂದು ಬರೆದಿತ್ತು. ಮದುವೆಯನ್ನು ಮೂರು ವರ್ಷ ಮುಂದೂಡಿದ್ದಾರೆ. ಸೋದರಮಾವ ಎರಡು ದಿನ ಫೋನು ಎತ್ತಲಿಲ್ಲವಂತೆ. ಮೂರನೆಯ ದಿನ, ಊಟದ ದಿನಗಳು ಬೇಕಾದರೆ ಕಡಿಮೆಯಾಗಲಿ, ಚಿನ್ನ ಮಾತ್ರ ಕಡಿಮೆಯಾಗಕೂಡದೆಂದು ಹೇಳಿದರಂತೆ. ಆಗ ಹೆಂಡತಿ ಫೋನು ತೆಗೆದುಕೊಂಡು, ಚಿನ್ನ ತನಗೆ ಸೇರುವುದರಿಂದ ಎಷ್ಟು ಸಾಕೆಂದು ತಾನೇ ಹೇಳುವೆನೆಂದರು. ಆ ಮಾತುಕತೆ ಇನ್ನೂ ಮುಗಿದಿಲ್ಲ. ಎಂ ಅವರಿಗೆ ಈಗ ದಿನಕ್ಕೆ ನಾಲ್ಕೈದು ಗಂಟೆ ನಿದ್ದೆ ಬರುತ್ತಿದೆ. ರಂಜಾನ್ ಕಳೆದ ಮೇಲೆ ಇಬ್ಬರೂ ಮತ್ತೆ ಬರುತ್ತಾರೆ.