ಜುಕರ್‌ಬರ್ಗ್ ರೊಕ್ಕದ ಚಿಂತಿ ನಿಮಗ್ಯಾಕ್ರೀ?

ಗಂಗಾವತಿಯಿಂದ: ಮೆಟಾ, ಆಪಲ್‌ನಂಥ ಕಂಪನಿಗಳು ವಿಆರ್ ಮ್ಯಾಲೆ ಇಷ್ಟು ರೊಕ್ಕ ಸುರುವ್ಯಾವಲ್ಲ ಸರ್, ಅದು ವಾಪಸ್ ಬರತೈತೇನು? ಈಗ ಮೆಟಾ ಶೇರು ತಗೊಂಡ್ರ ಹೆಂಗ?

ಇದೇ ಪ್ರಶ್ನೆ ಎಷ್ಟು ಮಂದಿ ಕೇಳ್ತೀರ್ರೀ! ವಿಆರ್ ಅಂದ್ರ ಕಣ್ಣಿಗೆ ಹೆಡ್‌ಸೆಟ್ ಅನ್ನೋ ಡಬ್ಬಿ ಕಟ್ಟಿಕೊಂಡು ನೋಡೋ ಕಂಪ್ಯೂಟರ್ ಲೋಕ, ಮತ್ತ ಶುರುವಿಂದ ಹೇಳಂಗಿಲ್ಲ, ತಿಳೀಲಿಲ್ಲಂದ್ರ ಮನ್ಯಾಗಿನ ಹುಡುಗರನ್ನ ಕೇಳ್ರಿ.

2014ರಾಗ ಜುಕರ್‌ಬರ್ಗ್‌ನ ಫೇಸ್‌ಬುಕ್, ಆಕ್ಯುಲಸ್ ಅನ್ನೋ ವಿಆರ್ ಕಂಪನಿನ 200 ಕೋಟಿ ಡಾಲರ್‌ಗೆ ತಗೊಂತು, 2021ರಾಗ ತನ್ನ ಹೆಸರನ್ನೇ ಮೆಟಾ ಅಂತ ಮಾಡಿಕೊಂತು. ಅದರ ವಿಆರ್ ಮತ್ತ ಸ್ಮಾರ್ಟ್ ಕನ್ನಡಕದ ವಿಭಾಗ ರಿಯಾಲಿಟಿ ಲ್ಯಾಬ್ಸ್ 2024 ಒಂದೇ ವರ್ಷದಾಗ ಸುಮಾರು 1,770 ಕೋಟಿ ಡಾಲರ್ ಲುಕ್ಸಾನ ತೋರಿಸೈತಿ, ಅಂದ್ರ ಹತ್ರಹತ್ರ ಒಂದೂವರಿ ಲಕ್ಷ ಕೋಟಿ ರೂಪಾಯಿ, ನಮ್ಮ ರಾಜ್ಯದ 2024-25ರ ಬಜೆಟ್ಟೇ 3.71 ಲಕ್ಷ ಕೋಟಿ, ನೀವೇ ತೂಗಿ ನೋಡ್ರಿ. ಆದ್ರ ಅದೇ ವರ್ಷ ಇಡೀ ಕಂಪನಿ 6,200 ಕೋಟಿ ಡಾಲರ್ ಮ್ಯಾಲೆ ನಿವ್ವಳ ಲಾಭ ಮಾಡೈತಿ, ಬಹುತೇಕ ಎಲ್ಲಾ ಜಾಹೀರಾತಿನ ರೊಕ್ಕ. 'ಮೆಟಾ ಮುಳುಗಿತು' ಅಂತ ಕೆಂಪು ಬಾಣ ಹಾಕಿ ಯೂಟ್ಯೂಬ್ ಮಾಡೋರು ಈ ಎರಡನೇ ಸಾಲು ಓದಂಗಿಲ್ಲ.

ಹಂಗಾದ್ರ ಯಾಕ ಸುರೀತಾರ? ಫೋನು ಆಪಲ್, ಗೂಗಲ್ ಕೈಯಾಗೈತಿ, ಅದಕ್ಕ. 2021ರಾಗ ಐಫೋನ್‌ನ್ಯಾಗ 'ಈ ಆ್ಯಪ್ ನಿಮ್ಮ ಬೆನ್ನು ಹತ್ತಬಹುದೇನು' ಅಂತ ಮೊದಲೇ ಕೇಳಬೇಕು ಅನ್ನೋ ರೂಲು ಆಪಲ್ ತಂತು, ಮಂದಿ ಬ್ಯಾಡ ಅಂದ್ರು, ಯಾರಿಗೆ ಯಾವ ಜಾಹೀರಾತು ತೋರಿಸಬೇಕು ಅನ್ನೋದು ತಿಳಿಯೋದು ಕಷ್ಟ ಆತು, ಅದರಿಂದ 2022ರಾಗ 1,000 ಕೋಟಿ ಡಾಲರ್‌ನಷ್ಟು ಹೊಡೆತ ಬೀಳತೈತಿ ಅಂತ ಮೆಟಾನೇ ಹೇಳಿತ್ತು. ಬ್ಯಾರೇಯವರ ಎಪಿಎಂಸಿಯಾಗ ಅಡತಿ ಅಂಗಡಿ ಇಟ್ಟಂಗ ಆತಲ್ಲ, ಗೇಟಿನವ ರೂಲು ಬದಲಿಸಿದ ದಿನ ವ್ಯಾಪಾರ ಗೋತಾ. ಹಿಂಗಾಗಿ ಸ್ವಂತ ಮಾರ್ಕೆಟ್ ಕಟ್ಟಾಕ ಹೊಂಟಾರ. ಹೆಡ್‌ಸೆಟ್ ಮಾರಿ ಬರೋ ಲಾಭ ಅವರಿಗೆ ದೊಡ್ಡದಲ್ಲ.

ಆದ್ರ ಮಾರ್ಕೆಟ್ಟಿಗೆ ಮಂದಿ ದಿನಾ ಬರಬೇಕಲ್ಲ! ಆಪಲ್‌ನ ಹೆಡ್‌ಸೆಟ್ ವಿಷನ್ ಪ್ರೋ 3,499 ಡಾಲರ್, ಅರ್ಧ ಕಿಲೋಕ್ಕಿಂತ ಜಾಸ್ತಿ ತೂಕ ಮಾರಿ ಮ್ಯಾಲೆ. ಮ್ಯಾಲಿಂದ ತಲಿ ತಿರುಗೋದು, ಕಣ್ಣು 'ಓಡಾಕ ಹತ್ತೀನಿ' ಅಂತೈತಿ, ಕಿವಿ ಒಳಗಿನ ಬ್ಯಾಲೆನ್ಸ್ ಅಂಗ 'ಕುಂತೀನಿ' ಅಂತೈತಿ, ಸ್ಕ್ರೀನ್ ಎಷ್ಟ ಚಲೋ ಆದ್ರೂ ಆ ಜಗಳ ಪೂರ್ತಿ ಮುಗಿಯಂಗಿಲ್ಲ. ಗೂಗಲ್ 2019ರಾಗ ತನ್ನ ವಿಆರ್ ಯೋಜನೆ ಡೇಡ್ರೀಮ್ ಕೈಬಿಟ್ಟಿತು, ಮೈಕ್ರೋಸಾಫ್ಟ್ 2024ರಾಗ ಹೋಲೋಲೆನ್ಸ್ 2 ಅನ್ನೋ ಹೆಡ್‌ಸೆಟ್ ಮಾಡೋದು ನಿಲ್ಲಿಸ್ತು. ಇವರಿಗೇನು ರೊಕ್ಕ ಕಡಿಮಿ ಇತ್ತೇನು?

ತರಬೇತಿಗೆ ವಿಆರ್ ಖರೇನ ಉಪಯೋಗ, ಇದನ್ನ ನಾನು ಯಾವಾಗ್ಲೂ ಹೇಳ್ತೀನಿ. ತೋರಣಗಲ್ಲಿನಂಥ ಉಕ್ಕಿನ ಕಾರ್ಖಾನಿ, ಶಕ್ತಿನಗರದಂಥ ಥರ್ಮಲ್ ಸ್ಟೇಷನ್, ಇಂಥ ಕಡೆ ಹೊಸ ಹುಡುಗ ಕ್ರೇನ್ ಹತ್ತಿ ತಪ್ಪು ಮಾಡೋದಕ್ಕಿಂತ ಹೆಡ್‌ಸೆಟ್ಟಿನ್ಯಾಗ ಮಾಡೋದು ವಾಸಿ. ಆದ್ರ ಒಂದು ಹೆಡ್‌ಸೆಟ್ಟಿನ್ಯಾಗ ಇಡೀ ಬ್ಯಾಚು ಕಲೀತೈತಿ, ಅಷ್ಟರಿಂದ ಮೆಟಾ ಹೊಟ್ಟಿ ತುಂಬಂಗಿಲ್ಲ.

ಚಲೋ ಮಾರಾಟ ಆಗಿದ್ದು ರೇ-ಬ್ಯಾನ್ ಅನ್ನೋ ಕನ್ನಡಕದ ಬ್ರ್ಯಾಂಡ್ ಜೊತಿ ಮೆಟಾ ಮಾಡಿದ ಕನ್ನಡಕ, 2025ರ ಶುರುವಿನಷ್ಟೊತ್ತಿಗೆ 20 ಲಕ್ಷ ಕನ್ನಡಕ ಹೋಗಿದ್ವು, ಮಜಾ ಅಂದ್ರ ಅದರಾಗ ವಿಆರ್ರೇ ಇರಲಿಲ್ಲ, ಬರೇ ಕ್ಯಾಮೆರಾ, ಮೈಕು, ಸ್ಪೀಕರು. ರೊಕ್ಕ ಬಂದ್ರ ಆ ಕಡಿಂದ ಬರತೈತಿ. ಮುಖ ಮುಚ್ಚೋ ಡಬ್ಬಿಗೆ ಹಾಕಿದ್ದು ಬರಂಗಿಲ್ಲ ಅಂತ ನನ್ನ ಲೆಕ್ಕ.

ಶೇರು? ಮೆಟಾ ಶೇರು ತಗೊಂಡ್ರ ನೀವು ತಗೊಂಡಿದ್ದು ಜಾಹೀರಾತು ವ್ಯಾಪಾರ, ವಿಆರ್ ಅಲ್ಲ. ಸಾಲ ಮಾಡಿ ತಗೊಳ್ಳೋರು ನನ್ನ ಕೇಳಬ್ಯಾಡ್ರಿ.

ಬಳ್ಳಾರಿಯಿಂದ: ಮೆಟಾವರ್ಸ್‌ನ್ಯಾಗ ಸೈಟ್ ಐತಿ ಅಂತ ಏಜೆಂಟ್ ಬಂದಿದ್ದ, ಬುಕ್ ಮಾಡ್ಲೇನ್ರಿ?

ಮೆಟಾವರ್ಸ್ ಅಂದ್ರ ಕಂಪ್ಯೂಟರ್‌ನ್ಯಾಗಿನ ಲೋಕ, ಅಲ್ಲಿ ಖಾತಾ ಇಲ್ಲ, ಪಹಣಿ ಇಲ್ಲ, ಸರ್ವರ್ ಬಂದ್ ಮಾಡಿದ್ರ ಸೈಟೂ ಇಲ್ಲ. ಆ ಏಜೆಂಟಗ ಚಾ ಸುದ್ಧಾ ಕೊಡಬ್ಯಾಡ್ರಿ.

ಸಿಂಧನೂರಿನಿಂದ: ಮೂರು ತಿಂಗಳ ವಿಆರ್ ಕೋರ್ಸ್, ನೌಕರಿ ಗ್ಯಾರಂಟಿ ಅಂತಾರ. ಮಗಳನ್ನ ಸೇರಿಸಲೇನು?

ಗ್ಯಾರಂಟಿನ ಸ್ಟ್ಯಾಂಪ್ ಪೇಪರ್ ಮ್ಯಾಲೆ ಬರಕೊಡ್ರಿ ಅನ್ರಿ, ಅಲ್ಲಿಗೆ ಮಾತು ಮುಗೀತೈತಿ. ವಿಆರ್ ಗೇಮ್ ಮಾಡೋ ಯುನಿಟಿ ಸಾಫ್ಟ್‌ವೇರ್ ಕಲಿಯೋರಿಗೆ ಫ್ರೀ ಐತಿ, ಮೊದಲು ಮನ್ಯಾಗ ಹಾಕಿಕೊಂಡು ಅಕಿಗೆ ಸೇರತೈತೋ ಇಲ್ಲೋ ನೋಡ್ಲಿ.

ರಾಯಚೂರಿನಿಂದ: 8 ವರ್ಷದ ಮಗ ದಿನಾ ಎರಡು ತಾಸು ವಿಆರ್ ಗೇಮ್ ಆಡ್ತಾನ, ಏನೂ ಆಗಂಗಿಲ್ಲಲ್ಲ?

10 ವರ್ಷದ ಕೆಳಗಿನವರಿಗೆ ಬ್ಯಾಡ ಅಂತ ಮೆಟಾನೇ ಹೇಳೈತಿ. ಕಸಗೊಳ್ರಿ.