16 ಓಮ್ ಸ್ಪೀಕರಿಗೆ ಎಷ್ಟು ವ್ಯಾಟ್ ಬೇಕು?

ಪ್ರಶ್ನೆ: ನನ್ನ ಸ್ಪೀಕರುಗಳ ವಿದ್ಯುತ್ ತಡೆ 16 ಓಮ್. ಒಂದು ವ್ಯಾಟ್‌ಗೆ ಒಂದು ಮೀಟರ್ ದೂರದಲ್ಲಿ 98 ಡೆಸಿಬೆಲ್ ಎಂದು ಕೈಪಿಡಿಯಲ್ಲಿದೆ. ನನ್ನ ಟ್ರಾನ್ಸಿಸ್ಟರ್ ಆಂಪ್ಲಿಫೈಯರ್ 8 ಓಮ್‌ಗೆ 100 ವ್ಯಾಟ್ ಕೊಡುತ್ತದೆ. 16 ಓಮ್‌ಗೆ ಅದು ಅರ್ಧವಾಗುವುದರಿಂದ ಇನ್ನೂ ದೊಡ್ಡದು ಬೇಕು ಎಂದು ಅಂಗಡಿಯವರು ಹೇಳಿದರು. 300ಬಿ ಎಂಬ ವಾಲ್ವ್ (ಗಾಜಿನ ನಿರ್ವಾತ ಕೊಳವೆ) ಇರುವ 8 ವ್ಯಾಟ್‌ನ ಆಂಪ್ಲಿಫೈಯರೇ ಸಾಕು ಎಂಬುದು ಗೆಳೆಯರ ಮಾತು. ಹಾಡು ನಿಂತಾಗ ಸ್ಪೀಕರಿನಲ್ಲಿ ಸಣ್ಣಗೆ ‘ಸ್ಸ್’ ಎಂಬ ಸದ್ದೂ ಕೇಳುತ್ತದೆ. ಯಾರ ಮಾತು ಸರಿ?

ಉತ್ತರ: ಶಕ್ತಿ ಅರ್ಧವಾಗುವುದು ನಿಜ, ದೊಡ್ಡದು ಬೇಕೆಂಬುದು ನಿಜವಲ್ಲ. ಉಳಿಯುವ 50 ವ್ಯಾಟ್ ನಿಮಗೆ ಬೇಕಾದುದಕ್ಕಿಂತ ಎಷ್ಟೋ ಹೆಚ್ಚು. ನೀವು ಮೂರು ಮೀಟರ್ ದೂರದಲ್ಲಿ ಕುಳಿತರೂ ಎರಡು ಸ್ಪೀಕರುಗಳಿಗೆ ತಲಾ ಒಂದು ವ್ಯಾಟ್ ಕೊಟ್ಟರೆ ಕಿವಿಗೆ ಸುಮಾರು 91 ಡೆಸಿಬೆಲ್ ತಲುಪುತ್ತದೆ. ಅದೇ ಜೋರು. ನೆಮ್ಮದಿಯಾಗಿ ಸಂಗೀತ ಕೇಳುವಾಗ ಖರ್ಚಾಗುವುದು ಒಂದು ವ್ಯಾಟಿನ ಇಪ್ಪತ್ತನೇ ಒಂದು ಭಾಗದಷ್ಟೇ.

ಹಾಗಾಗಿ ನೀವು ಚಿಂತಿಸಬೇಕಾದದ್ದು ಆ ಸದ್ದಿನ ಬಗ್ಗೆ. ಆಂಪ್ಲಿಫೈಯರ್ ಸುಮ್ಮನಿರುವಾಗಲೂ ಅದರ ಹೊರತುದಿಯಲ್ಲಿ ಒಂದು ಮಿಲಿವೋಲ್ಟ್ ಗದ್ದಲವಿದೆ ಎಂದುಕೊಳ್ಳಿ. ಒಂದು ವ್ಯಾಟ್‌ಗೆ 85 ಡೆಸಿಬೆಲ್ ಕೊಡುವ 8 ಓಮ್ ಸ್ಪೀಕರಿನಲ್ಲಿ, ಒಂದು ಮೀಟರ್ ದೂರಕ್ಕೆ, ಅದು ಸುಮಾರು 16 ಡೆಸಿಬೆಲ್. ಕೋಣೆಯ ಸದ್ದಿನಲ್ಲೇ ಮುಳುಗಿಹೋಗುತ್ತದೆ. ನಿಮ್ಮದರಲ್ಲಿ ಅದೇ ಒಂದು ಮಿಲಿವೋಲ್ಟ್ 26 ಡೆಸಿಬೆಲ್ ಆಗುತ್ತದೆ. ರಾತ್ರಿಯ ಹೊತ್ತು ಅದು ಕೇಳಿಸದೆ ಇರುವುದಿಲ್ಲ. ಇಂಥ ಸ್ಪೀಕರ್ ಉಳ್ಳವರು ಆಂಪ್ಲಿಫೈಯರಿನ ವ್ಯಾಟ್‌ಗಿಂತ ಮೊದಲು ಈ ಗದ್ದಲದ ಅಂಕಿಯನ್ನು ಕೇಳಬೇಕು. ಮಾರುವವರು ಅದನ್ನು ತಾವಾಗಿ ಹೇಳುವುದು ಕಡಿಮೆ.

ಒಂದು ಪರೀಕ್ಷೆ ಮಾಡಿ. ವಾಲ್ಯೂಮನ್ನು ಪೂರ್ತಿ ತಗ್ಗಿಸಿ. ‘ಸ್ಸ್’ ಸದ್ದು ಕಡಿಮೆಯಾದರೆ ಅದು ವಾಲ್ಯೂಮ್ ಗುಂಡಿಗಿಂತ ಹಿಂದಿನ ಉಪಕರಣದಿಂದ ಬರುತ್ತಿದೆ. ಬದಲಾಗದಿದ್ದರೆ ಪ್ರಿಆಂಪ್‌ನ (ವಾಲ್ಯೂಮ್ ಗುಂಡಿಯಿರುವ ಮೊದಲ ಭಾಗ) ಕೊನೆಯ ಹಂತದ್ದೋ ಪವರ್ ಆಂಪ್‌ನದ್ದೋ (ಸ್ಪೀಕರಿಗೆ ಶಕ್ತಿ ಕೊಡುವ ಭಾಗ) ಇರಬೇಕು. ಅವೆರಡೂ ಬೇರೆ ಬೇರೆ ಪೆಟ್ಟಿಗೆಗಳಾಗಿದ್ದರೆ, ಎಲ್ಲವನ್ನೂ ಆರಿಸಿ, ನಡುವಿನ ಕೇಬಲ್ಲಿಗೆ 12 ಡೆಸಿಬೆಲ್‌ನ ಅಟೆನ್ಯುಯೇಟರ್ (ಸಂಕೇತವನ್ನು ತಗ್ಗಿಸುವ ಸಾಧನ) ಸೇರಿಸಿ ನೋಡಿ. ಪ್ರಿಆಂಪ್‌ನ ಗದ್ದಲ ಕಾಲುಭಾಗಕ್ಕಿಳಿಯುತ್ತದೆ. ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸಿದರೂ ಸದ್ದು ಜಿಗಿಯುವ ತೊಂದರೆಯೂ ತಪ್ಪುತ್ತದೆ. ಪವರ್ ಆಂಪ್‌ನ ಒಳಗಿನ ಗದ್ದಲಕ್ಕೆ ಇದು ಮದ್ದಲ್ಲ. ಇನ್ನು ‘ಗುಂಯ್’ ಎನ್ನುವ ಸದ್ದಿದ್ದರೆ ಎಲ್ಲ ಉಪಕರಣಗಳನ್ನೂ ಒಂದೇ ಪ್ಲಗ್ ಪಟ್ಟಿಗೆ ಹಾಕಿ ನೋಡಿ. ಅರ್ತ್ ಪಿನ್ ಮಾತ್ರ ಎಂದೂ ತೆಗೆಯಬೇಡಿ, ಅದು ಜೀವಕ್ಕೆ ಅಪಾಯ.

300ಬಿ ಬಗ್ಗೆ: ನಿಮ್ಮ ಗೆಳೆಯರ ಲೆಕ್ಕ ಸರಿ, 8 ವ್ಯಾಟ್ ಧಾರಾಳವಾಯಿತು. ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನಲ್ಲಿ ಸ್ಪೀಕರ್ ತಂತಿ ಸಿಕ್ಕಿಸಲು 16 ಓಮ್ ಕೊನೆಯಿದ್ದರೆ ಅಲ್ಲಿಗೇ ಜೋಡಿಸಿ. 8 ಓಮ್‌ನದು ಮಾತ್ರ ಇದ್ದರೂ ಇಂಥ ಟ್ರಯೋಡ್ (ಮೂರು ವಿದ್ಯುದ್ವಾರಗಳ ವಾಲ್ವ್) ಆಂಪ್ಲಿಫೈಯರಿಗೆ ತೊಂದರೆಯಿಲ್ಲ. ಶಕ್ತಿ ಸ್ವಲ್ಪ ತಗ್ಗುತ್ತದೆ, ಸದ್ದಿನ ವಿಕೃತಿಯೂ ಸಾಮಾನ್ಯವಾಗಿ ಕಡಿಮೆಯಾಗುತ್ತದೆ. ಸ್ಪೀಕರ್ ಜೋಡಿಸದೆ ವಾಲ್ವ್ ಆಂಪ್ಲಿಫೈಯರನ್ನು ನುಡಿಸಿದರೆ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು, ಎಚ್ಚರವಿರಲಿ. ಆದರೆ 300ಬಿಯ ಫಿಲಮೆಂಟನ್ನು (ಒಳಗಿನ ಕಾಯುವ ತಂತಿ) ಎಸಿ ವಿದ್ಯುತ್ತಿನಿಂದ ಕಾಯಿಸುವ ಆಂಪ್ಲಿಫೈಯರುಗಳಲ್ಲಿ ಗುಂಯ್‌ಗುಡುವಿಕೆ ಉಳಿದಿರುವುದುಂಟು. ಹಣ ಕೊಡುವ ಮೊದಲು ಅದನ್ನು ಮನೆಗೆ ತಂದು ನಿಮ್ಮದೇ ಸ್ಪೀಕರಿಗೆ ಜೋಡಿಸಿ, ಹಾಡು ಹಾಕದೆ, ಫ್ಯಾನ್ ಆರಿಸಿ, ಒಂದು ರಾತ್ರಿ ಕೇಳಿ ನೋಡಿ.